ಉಗ್ರಾಣದ ಕೀಲಿ: ಮನೆಯ ನೆಟ್‌ವರ್ಕ್ ಬ್ಯಾಕಪ್‌ಗೆ ಯಾರ ಪಾಸ್‌ವರ್ಡ್ ಕೊಡಬೇಕು?

ಒಂದು ಕಂಪ್ಯೂಟರಿನ ಫೈಲ್‌ಗಳನ್ನು ಮನೆಯ ವೈಫೈ ಮೂಲಕ ಇನ್ನೊಂದು ಕಂಪ್ಯೂಟರಿಗೆ ಬ್ಯಾಕಪ್ ಮಾಡಲು ಹೊರಟಾಗ ವಿಂಡೋಸ್ ಒಂದು ಸಣ್ಣ ಚೌಕವನ್ನು ತೆರೆಯುತ್ತದೆ. ಮೇಲೆ ‘ಎಂಟರ್ ನೆಟ್‌ವರ್ಕ್ ಕ್ರೆಡೆನ್ಷಿಯಲ್ಸ್’ ಎಂದಿರುತ್ತದೆ. ಕೆಳಗೆ ಎರಡು ಖಾಲಿ ಜಾಗ, ಒಂದು ಬಳಕೆದಾರರ ಹೆಸರಿಗೆ, ಇನ್ನೊಂದು ಪಾಸ್‌ವರ್ಡ್‌ಗೆ. ಅದರ ಕೆಳಗೆ ‘ನೆನಪಿಟ್ಟುಕೊ’ ಎನ್ನುವ ಒಂದು ಗುರುತು. ಮನೆಯ ಬ್ಯಾಕಪ್ ಪ್ರಯತ್ನಗಳು ಕೈಬಿಟ್ಟುಹೋಗುವುದು ಬಹುಪಾಲು ಈ ಚೌಕದ ಮುಂದೆಯೇ. ಲ್ಯಾಪ್‌ಟಾಪ್ ತೆರೆಯುವ ಪಾಸ್‌ವರ್ಡ್ ಕೊಟ್ಟರೆ ತಪ್ಪು ಎನ್ನುತ್ತದೆ, ವೈಫೈ ಪಾಸ್‌ವರ್ಡ್ ಕೊಟ್ಟರೂ ತಪ್ಪು, ನಾಲ್ಕಂಕಿಯ ಪಿನ್ ಕೊಟ್ಟರೂ ತಪ್ಪು. ಚೌಕ ಕೇಳುತ್ತಿರುವುದು ಇವುಗಳಲ್ಲಿ ಯಾವುದನ್ನೂ ಅಲ್ಲ.

ಅದು ಕೇಳುತ್ತಿರುವುದು ಫೈಲ್‌ಗಳನ್ನು ಪಡೆದುಕೊಳ್ಳುವ ಕಂಪ್ಯೂಟರಿನಲ್ಲಿರುವ ಖಾತೆಯ ಹೆಸರು ಮತ್ತು ಪಾಸ್‌ವರ್ಡ್. ಪಕ್ಕದ ಮನೆಯ ಉಗ್ರಾಣದಲ್ಲಿ ಮೂಟೆ ಇಡಬೇಕಾದರೆ ಬೇಕಾದದ್ದು ಆ ಮನೆಯ ಕೀಲಿ. ಮೂಟೆ ಹೊತ್ತು ತಂದವರ ಮನೆಯ ಕೀಲಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಈ ಒಂದು ವಿಷಯ ಸ್ಪಷ್ಟವಾದರೆ ಮುಂದಿನ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಉದಾಹರಣೆಗೆ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಕೆಳಗಿನ ಕೋಣೆಯಲ್ಲಿ ದಿನಬಳಕೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಮದುವೆಯ ಫೋಟೊಗಳು, ಪಹಣಿಯ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ನುಡಿಯಲ್ಲಿ ಟೈಪ್ ಮಾಡಿದ ಬರಹಗಳು. ಮಹಡಿಯ ಕೋಣೆಯಲ್ಲಿ ದೊಡ್ಡ ಹಾರ್ಡ್ ಡಿಸ್ಕ್ ಇರುವ ಡೆಸ್ಕ್‌ಟಾಪ್ ಇದೆ. ಎರಡರಲ್ಲೂ ವಿಂಡೋಸ್ 11. ಡೆಸ್ಕ್‌ಟಾಪಿನ ಹೆಸರು ‘ಮಹಡಿ’, ಅದರಲ್ಲಿ ಬ್ಯಾಕಪ್ ಇಡುವ ಫೋಲ್ಡರಿನ ಹೆಸರು ‘ಉಗ್ರಾಣ’ ಎಂದಿಟ್ಟುಕೊಂಡರೆ, ಲ್ಯಾಪ್‌ಟಾಪಿನಿಂದ ಅಲ್ಲಿಗೆ ಹೋಗುವ ದಾರಿ \\ಮಹಡಿ\ಉಗ್ರಾಣ. ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದರೂ, ನಿಜವಾಗಿ ಹೆಸರಿಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ, ಚಿಕ್ಕದಾಗಿ ಇಟ್ಟರೆ ಮುಂದೆ ಟೈಪ್ ಮಾಡಲು ಸುಲಭ.

ಹೆಸರು ಬರೆಯುವ ರೀತಿಯಲ್ಲೇ ಮೊದಲ ತೊಡಕು ಇದೆ. ವಿಂಡೋಸ್ ಖಾತೆಗಳಲ್ಲಿ ಎರಡು ಬಗೆ. ಆ ಕಂಪ್ಯೂಟರಿಗೆ ಮಾತ್ರ ಸೇರಿದ್ದು ಲೋಕಲ್ ಖಾತೆ. ಇಮೇಲ್ ವಿಳಾಸಕ್ಕೆ ಅಂಟಿಕೊಂಡದ್ದು ಮೈಕ್ರೋಸಾಫ್ಟ್ ಖಾತೆ. ಲೋಕಲ್ ಖಾತೆಯಾಗಿದ್ದು ಅದರ ಹೆಸರು ‘ಉಗ್ರಾಣಿ’ ಎಂದಿದ್ದರೆ, ಹೆಸರಿನ ಮುಂದೆ ಕಂಪ್ಯೂಟರಿನ ಹೆಸರು ಸೇರಿಸಿ ‘ಮಹಡಿ\ಉಗ್ರಾಣಿ’ ಎಂದು ಬರೆಯಬೇಕು. ಹಾಗೆ ಬರೆಯದಿದ್ದರೆ ‘ಉಗ್ರಾಣಿ’ ಎಂಬ ಹೆಸರನ್ನು ಲ್ಯಾಪ್‌ಟಾಪ್ ತನ್ನದೇ ಖಾತೆ ಎಂದು ಭಾವಿಸುವ ಸಾಧ್ಯತೆಯಿದೆ. ಮೈಕ್ರೋಸಾಫ್ಟ್ ಖಾತೆಯಾದರೆ ಪೂರ್ತಿ ಇಮೇಲ್ ವಿಳಾಸವನ್ನೇ ಹೆಸರಾಗಿ ಕೊಟ್ಟು, ಆ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಬರೆಯಬೇಕು. ಸಿ ಡ್ರೈವ್‌ನಲ್ಲಿ ಕಾಣುವ ಖಾತೆಯ ಫೋಲ್ಡರಿನ ಹೆಸರನ್ನು ನೋಡಿ ಅದೇ ಬಳಕೆದಾರರ ಹೆಸರು ಎಂದು ತಿಳಿಯುವವರು ಬಹಳ. ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ ಹೊಂದಿಸಿದಾಗ ಆ ಫೋಲ್ಡರಿಗೆ ಸಾಮಾನ್ಯವಾಗಿ ಇಮೇಲಿನ ಮೊದಲ ಐದು ಅಕ್ಷರಗಳಷ್ಟೇ ಬಿದ್ದಿರುತ್ತವೆ.

ಪಿನ್ ಏಕೆ ನಡೆಯುವುದಿಲ್ಲ ಎಂಬುದಕ್ಕೆ ಕಾರಣ ಸರಳ. ಪಿನ್, ಬೆರಳಚ್ಚು, ಮುಖದ ಗುರುತು ಇವೆಲ್ಲ ಆಯಾ ಯಂತ್ರದೊಳಗೇ ಉಳಿಯುವಂತೆ ರೂಪಿಸಿದವು. ಯಂತ್ರದ ಮುಂದೆ ಕುಳಿತವರಿಗಷ್ಟೇ ಅವುಗಳಿಂದ ಬಾಗಿಲು ತೆರೆಯುತ್ತದೆ, ನೆಟ್‌ವರ್ಕಿನ ಆಚೆಯಿಂದ ಬಂದವರಿಗೆ ತೆರೆಯುವುದಿಲ್ಲ. ವರ್ಷಗಳಿಂದ ಪಿನ್ ಒತ್ತಿಯೇ ಒಳಹೋದ ಮನೆಗಳಲ್ಲಿ ಮೂಲ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಪಾಸ್‌ವರ್ಡೇ ಇಲ್ಲದ ಖಾತೆಗಳದು ಇನ್ನೊಂದು ಕಥೆ. ಮನೆಯ ಕಂಪ್ಯೂಟರಿಗೆ ಪಾಸ್‌ವರ್ಡ್ ಯಾಕೆ ಎಂದು ಖಾಲಿ ಬಿಟ್ಟಿದ್ದರೆ, ಆ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ. ಖಾಲಿ ಪಾಸ್‌ವರ್ಡ್ ಯಂತ್ರದ ಮುಂದೆ ಕುಳಿತಾಗ ಮಾತ್ರ ನಡೆಯಬೇಕೆಂಬ ನಿಯಮ ಅದರಲ್ಲಿ ಮೊದಲಿನಿಂದಲೇ ಜಾರಿಯಲ್ಲಿರುತ್ತದೆ. ಇದು ಒಳ್ಳೆಯ ನಿಯಮ. ಅದನ್ನು ಸಡಿಲಿಸುವ ಉಪಾಯ ಹುಡುಕದಿರುವುದೇ ಕ್ಷೇಮ.

ಈ ಎಲ್ಲ ತೊಡಕಿಗೂ ಒಂದೇ ಪರಿಹಾರ, ಬ್ಯಾಕಪ್‌ಗೆಂದೇ ಒಂದು ಪ್ರತ್ಯೇಕ ಖಾತೆ. ಅದನ್ನು ತೆರೆಯಬೇಕಾದದ್ದು ಫೈಲ್ ಪಡೆಯುವ ಕಂಪ್ಯೂಟರಿನಲ್ಲಿ, ಎಂದರೆ ಮಹಡಿಯಲ್ಲಿ. ಮನೆಯವರು ದಿನವೂ ಬಳಸುವ ಖಾತೆಯನ್ನೇ ಬ್ಯಾಕಪ್‌ಗೂ ಕೊಟ್ಟರೆ, ಆ ಪಾಸ್‌ವರ್ಡ್ ಬದಲಾದ ದಿನ ಬ್ಯಾಕಪ್ ನಿಲ್ಲುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಅದರಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ನಿಂದ ಇಮೇಲಿನವರೆಗೂ ಅಪಾಯ ಮುಟ್ಟುತ್ತದೆ. ಉಗ್ರಾಣ ಕಾಯುವ ಕೆಲಸವೊಂದನ್ನೇ ಮಾಡುವ ಉಗ್ರಾಣಿಯನ್ನು ನೇಮಿಸಿದರೆ ಈ ಎರಡು ಭಯವೂ ಇಲ್ಲ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್ ವಿಭಾಗದ ‘ಅದರ್ ಯೂಸರ್ಸ್’ಗೆ ಹೋಗಿ, ಹೊಸ ಖಾತೆ ಸೇರಿಸಲು ಒತ್ತಬೇಕು. ಅದು ಮೊದಲು ಇಮೇಲ್ ಕೇಳುತ್ತದೆ. ಅಲ್ಲಿ ಈ ವ್ಯಕ್ತಿಯ ವಿವರ ತಿಳಿದಿಲ್ಲ ಎಂಬ ಕೊಂಡಿಯನ್ನೂ, ಮುಂದಿನ ಪರದೆಯಲ್ಲಿ ಮೈಕ್ರೋಸಾಫ್ಟ್ ಖಾತೆಯಿಲ್ಲದೆ ಸೇರಿಸು ಎಂಬ ಕೊಂಡಿಯನ್ನೂ ಆರಿಸಿದರೆ ಲೋಕಲ್ ಖಾತೆಯ ನಮೂನೆ ಬರುತ್ತದೆ. ಹೆಸರು, ಎರಡು ಸಲ ಪಾಸ್‌ವರ್ಡ್, ಪಾಸ್‌ವರ್ಡ್ ಮರೆತರೆ ಕೇಳಲು ಮೂರು ಪ್ರಶ್ನೆ, ಇಷ್ಟೇ. ಖಾತೆ ‘ಸ್ಟ್ಯಾಂಡರ್ಡ್’ ಬಗೆಯದಾಗಿರುತ್ತದೆ, ಹಾಗೆಯೇ ಇರಲಿ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವ ಅಗತ್ಯವಿಲ್ಲ, ಕೊಡಲೂಬಾರದು. ಪಾಸ್‌ವರ್ಡ್ ಉದ್ದವಾಗಿರಬೇಕು. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ಸಾಕಷ್ಟು ಗಟ್ಟಿಯಾಗುತ್ತದೆ, ಬರೆದುಕೊಳ್ಳಲೂ ಸುಲಭ. ಒಂದು ಸಲ ಉಳಿಸಿಟ್ಟರೆ ದಿನವೂ ಟೈಪ್ ಮಾಡುವ ಪ್ರಸಂಗವಿಲ್ಲವಾದ್ದರಿಂದ ಉದ್ದಕ್ಕೆ ಅಂಜಬೇಕಾಗಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರು ಒಂದನ್ನು ಗಮನಿಸಬೇಕು: ಕೀಲಿಮಣೆ ಕನ್ನಡಕ್ಕೆ ತಿರುಗಿರುವಾಗ ಪಾಸ್‌ವರ್ಡ್ ಒತ್ತಿದರೆ ಕಾಣುವುದು ಬರೀ ಚುಕ್ಕೆಗಳು, ಒಳಗೆ ಬಿದ್ದಿರುವುದು ಬೇರೆ ಅಕ್ಷರಗಳು. ಖಾತೆ ತೆರೆಯುವಾಗಲೇ ಈ ತಪ್ಪಾದರೆ ಮುಂದೆ ಯಾವ ಪಾಸ್‌ವರ್ಡೂ ಹೊಂದುವುದಿಲ್ಲ.

ಖಾತೆಯಾದ ಮೇಲೆ ಫೋಲ್ಡರ್. ಇಲ್ಲಿ ಎರಡು ಬಾಗಿಲುಗಳಿವೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಉಗ್ರಾಣ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ‘ಶೇರಿಂಗ್’ ಮತ್ತು ‘ಸೆಕ್ಯೂರಿಟಿ’ ಎಂಬ ಎರಡು ಹಾಳೆಗಳು ಕಾಣುತ್ತವೆ. ಶೇರಿಂಗ್ ಹಾಳೆಯ ‘ಅಡ್ವಾನ್ಸ್ಡ್ ಶೇರಿಂಗ್’ನಲ್ಲಿ ಫೋಲ್ಡರನ್ನು ಹಂಚಿ, ಪರ್ಮಿಷನ್ಸ್ ಪಟ್ಟಿಯಿಂದ ‘ಎವ್ರಿವನ್’ ತೆಗೆದು, ಉಗ್ರಾಣಿಯನ್ನು ಸೇರಿಸಿ ‘ಚೇಂಜ್’ ಮತ್ತು ‘ರೀಡ್’ ಗುರುತು ಹಾಕಬೇಕು. ಅದು ನೆಟ್‌ವರ್ಕಿನ ಬಾಗಿಲು. ಸೆಕ್ಯೂರಿಟಿ ಹಾಳೆಯಲ್ಲೂ ಉಗ್ರಾಣಿಯನ್ನು ಸೇರಿಸಿ ‘ಮಾಡಿಫೈ’ ಕೊಡಬೇಕು. ಅದು ಡಿಸ್ಕಿನ ಬಾಗಿಲು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಫೋಲ್ಡರ್ ತೆರೆಯುತ್ತದೆ, ಹಳೆಯ ಫೈಲ್‌ಗಳು ಕಾಣುತ್ತವೆ, ಹೊಸದನ್ನು ಹಾಕಲು ಹೋದರೆ ‘ಆಕ್ಸೆಸ್ ಡಿನೈಡ್’ ಬರುತ್ತದೆ ಎಂದಾದರೆ ಹೆಸರು ಪಾಸ್‌ವರ್ಡ್ ಸರಿಯಾಗಿದೆ ಎಂದೇ ಅರ್ಥ. ಎರಡು ಹಾಳೆಗಳಲ್ಲಿ ಒಂದರಲ್ಲಿ ಅನುಮತಿ ಬಿಟ್ಟುಹೋಗಿದೆ. ಪಾಸ್‌ವರ್ಡ್ ಬದಲಿಸುತ್ತ ಕೂರುವುದು ಆಗ ವ್ಯರ್ಥ.

ಜೊತೆಗೆ ಮಹಡಿಯ ಕಂಪ್ಯೂಟರಿನಲ್ಲಿ ಮನೆಯ ವೈಫೈ ‘ಪ್ರೈವೇಟ್ ನೆಟ್‌ವರ್ಕ್’ ಎಂದು ಗುರುತಾಗಿರಬೇಕು, ಫೈಲ್ ಹಂಚಿಕೆ ಚಾಲೂ ಇರಬೇಕು. ಲ್ಯಾಪ್‌ಟಾಪ್ ಅತಿಥಿಗಳ ವೈಫೈಗೆ ಸೇರಿಕೊಂಡಿದ್ದರೆ ಮಹಡಿ ಕಾಣಿಸದೇ ಹೋಗಬಹುದು, ಏಕೆಂದರೆ ಅತಿಥಿ ವೈಫೈಯನ್ನು ಮನೆಯ ಉಳಿದ ಯಂತ್ರಗಳಿಂದ ಬೇರ್ಪಡಿಸುವುದು ರೂಟರ್‌ಗಳ ವಾಡಿಕೆ.

ಇನ್ನು ಲ್ಯಾಪ್‌ಟಾಪಿನ ಸರದಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ಎಂಬ ವಿಭಾಗವಿದೆ. ಅದರ ‘ವಿಂಡೋಸ್ ಕ್ರೆಡೆನ್ಷಿಯಲ್ಸ್’ ಭಾಗದಲ್ಲಿ ಹೊಸದನ್ನು ಸೇರಿಸಲು ಒತ್ತಿದರೆ ಮೂರು ಸಾಲು ಬರುತ್ತವೆ. ವಿಳಾಸದ ಸಾಲಿನಲ್ಲಿ ಮಹಡಿ, ಹೆಸರಿನ ಸಾಲಿನಲ್ಲಿ ಮಹಡಿ\ಉಗ್ರಾಣಿ, ಮೂರನೆಯದರಲ್ಲಿ ಪಾಸ್‌ವರ್ಡ್. ಚೌಕ ತೆರೆದುಕೊಂಡಾಗ ‘ನೆನಪಿಟ್ಟುಕೊ’ ಗುರುತು ಹಾಕಿದರೂ ವಿವರ ಬಂದು ಸೇರುವುದು ಇಲ್ಲಿಗೇ. ಇಲ್ಲಿ ವಿಳಾಸವನ್ನು ಬರೆದ ರೀತಿಗೆ ಬೆಲೆಯಿದೆ. ಮಹಡಿ ಎಂಬ ಹೆಸರಿಗೆ ಉಳಿಸಿದ ಪಾಸ್‌ವರ್ಡ್ 192.168.1.10 ಎಂಬ ಅಂಕಿಯ ವಿಳಾಸದಲ್ಲಿ ಹೋದಾಗ ಕೆಲಸಕ್ಕೆ ಬರುವುದಿಲ್ಲ, ಎರಡೂ ಒಂದೇ ಯಂತ್ರವಾದರೂ ಕೂಡ. ಬ್ಯಾಕಪ್ ತಂತ್ರಾಂಶದಲ್ಲಿ ಯಾವ ರೂಪ ಬಳಸಲಾಗಿದೆಯೋ ಅದೇ ರೂಪದಲ್ಲಿ ಇಲ್ಲಿಯೂ ಬರೆಯಬೇಕು. ಅಂಕಿಯ ವಿಳಾಸವನ್ನೇ ಬಳಸುವುದಾದರೆ ಅದು ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಬೇಕು.

ಸರಿಯಾದ ಹೆಸರು, ಸರಿಯಾದ ಪಾಸ್‌ವರ್ಡ್ ಇದ್ದೂ ವಿಂಡೋಸ್ ಬಾಗಿಲು ತೆರೆಯದ ಒಂದು ಪ್ರಸಂಗವಿದೆ. ಅದರ ದೋಷಸಂಖ್ಯೆ 1219. ಒಂದೇ ಲಾಗಿನ್‌ನಲ್ಲಿ ಒಂದೇ ಕಂಪ್ಯೂಟರಿಗೆ ಎರಡು ಬೇರೆ ಬೇರೆ ಹೆಸರಿನಲ್ಲಿ ಸಂಪರ್ಕ ಇಟ್ಟುಕೊಳ್ಳಲು ವಿಂಡೋಸ್ ಒಪ್ಪುವುದಿಲ್ಲ. ಬೆಳಿಗ್ಗೆ ಮಹಡಿಯ ಹಾಡಿನ ಫೋಲ್ಡರನ್ನು ಮನೆಯವರ ಖಾತೆಯಿಂದ ತೆರೆದಿದ್ದರೆ, ಸಂಜೆ ಉಗ್ರಾಣಿಯ ಹೆಸರಿನಲ್ಲಿ ಬ್ಯಾಕಪ್‌ಗೆ ಹೋದಾಗ ಈ ತಡೆ ಬರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ ಆಜ್ಞೆ ಕೊಟ್ಟರೆ ತೆರೆದಿರುವ ಸಂಪರ್ಕಗಳ ಪಟ್ಟಿ ಬರುತ್ತದೆ, ಅದರ ಡಿಲೀಟ್ ಆಯ್ಕೆಯಿಂದ ಹಳೆಯದನ್ನು ಕಡಿದು ಮತ್ತೆ ಪ್ರಯತ್ನಿಸಬೇಕು. ಲ್ಯಾಪ್‌ಟಾಪನ್ನು ಒಮ್ಮೆ ಸೈನ್‌ಔಟ್ ಮಾಡಿದರೂ ಆದೀತು, ಆದರೆ ಹಳೆಯ ಹೆಸರು ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದಿದ್ದರೆ ಅದನ್ನೂ ಅಳಿಸಬೇಕು.

ಬೇರೆ ಸಂಖ್ಯೆಗಳೂ ತಿಳಿದಿದ್ದರೆ ದಾರಿ ಬೇಗ ಸಿಗುತ್ತದೆ. 53 ಬಂದರೆ ಪಾಸ್‌ವರ್ಡಿನ ಮಾತೇ ಇಲ್ಲ, ಆ ಕಂಪ್ಯೂಟರೇ ಸಿಗುತ್ತಿಲ್ಲ. ಮಹಡಿಯ ಯಂತ್ರ ನಿದ್ರೆಗೆ ಹೋಗಿದೆಯೇ, ಕರೆಂಟ್ ಹೋಗಿ ಆರಿದೆಯೇ ನೋಡಬೇಕು. 86 ಅಥವಾ 1326 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 5 ಎಂದರೆ ಅನುಮತಿಯ ಕೊರತೆ, ಖಾಲಿ ಪಾಸ್‌ವರ್ಡಿಗೆ 1327, ಅವಧಿ ಮುಗಿದ ಪಾಸ್‌ವರ್ಡಿಗೆ 1330, ಬೀಗ ಬಿದ್ದ ಖಾತೆಗೆ 1909.

ಈ ಕೊನೆಯ ಎರಡು ಸಂಖ್ಯೆಗಳು ಕೈಯಿಂದ ನಕಲು ಮಾಡುವವರಿಗೆ ಅಪರೂಪ, ಬ್ಯಾಕಪ್ಪನ್ನು ವೇಳಾಪಟ್ಟಿಗೆ ಹಚ್ಚಿದವರಿಗೆ ಎದುರಾಗುವಂಥವು. ವಿಂಡೋಸ್‌ನ ಮೂಲ ಹೊಂದಾಣಿಕೆಯಲ್ಲಿ ಲೋಕಲ್ ಪಾಸ್‌ವರ್ಡಿನ ಗರಿಷ್ಠ ಆಯುಷ್ಯ 42 ದಿನ. ಖಾತೆಯನ್ನು ಕಮಾಂಡ್ ಪ್ರಾಂಪ್ಟ್‌ನಿಂದ ತೆರೆದಿದ್ದರೆ ಈ ಗಡುವು ಅದಕ್ಕೆ ತಗಲುತ್ತದೆ. ಆರು ವಾರ ಚೆನ್ನಾಗಿ ನಡೆದ ಬ್ಯಾಕಪ್ ಏಕಾಏಕಿ ನಿಂತರೆ ಮೊದಲ ಅನುಮಾನ ಇದರ ಮೇಲಿರಬೇಕು. ಪಾಸ್‌ವರ್ಡ್ ಅವಧಿ ಮುಗಿಯದಿರಲಿ ಎಂಬ ಗುರುತನ್ನು ಉಗ್ರಾಣಿಗೆ ಹಾಕಿದರೆ ಸರಿಹೋಗುತ್ತದೆ. ಖಾತೆಗೆ ಬೀಗ ಬೀಳುವುದು ಇನ್ನೊಂದು ಬಗೆ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಹತ್ತು ಸಲ ತಪ್ಪು ಪಾಸ್‌ವರ್ಡ್ ಬಂದರೆ ಖಾತೆ ಹತ್ತು ನಿಮಿಷ ಮುಚ್ಚಿಕೊಳ್ಳುತ್ತದೆ. ಮಹಡಿಯಲ್ಲಿ ಪಾಸ್‌ವರ್ಡ್ ಬದಲಿಸಿ ಲ್ಯಾಪ್‌ಟಾಪಿನಲ್ಲಿ ಬದಲಿಸಲು ಮರೆತರೆ, ತಂತ್ರಾಂಶ ಹಳೆಯದನ್ನೇ ಮತ್ತೆ ಮತ್ತೆ ಕೊಟ್ಟು ಈ ಬೀಗ ಹಾಕಿಸುತ್ತದೆ. ಆಗ ಸರಿಯಾದ ಪಾಸ್‌ವರ್ಡೂ ಸ್ವಲ್ಪ ಹೊತ್ತು ನಡೆಯುವುದಿಲ್ಲ.

ವೇಳಾಪಟ್ಟಿಗೆ ಟಾಸ್ಕ್ ಶೆಡ್ಯೂಲರ್ ಬಳಸುವವರು ಇನ್ನೆರಡನ್ನು ಗಮನದಲ್ಲಿಡಬೇಕು. ಯಾರೂ ಲಾಗಿನ್ ಆಗಿಲ್ಲದಾಗಲೂ ಕೆಲಸ ನಡೆಯಲಿ ಎಂದು ಆರಿಸಿದಾಗ, ಅದರ ಕೆಳಗೇ ‘ಪಾಸ್‌ವರ್ಡ್ ಉಳಿಸಬೇಡ’ ಎಂಬ ಗುರುತು ಇರುತ್ತದೆ. ಅದನ್ನು ಹಾಕಿದರೆ ಆ ಕೆಲಸಕ್ಕೆ ಸ್ವಂತ ಯಂತ್ರದೊಳಗಿನ ಫೈಲ್‌ಗಳಷ್ಟೇ ಸಿಗುತ್ತವೆ, ನೆಟ್‌ವರ್ಕ್ ಸಿಗುವುದಿಲ್ಲ. ಸುರಕ್ಷಿತವಾಗಿರಲೆಂದು ಆ ಗುರುತು ಹಾಕಿ, ರಾತ್ರಿಯ ಬ್ಯಾಕಪ್ ಏಕೆ ಆಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ಸಾಮಾನ್ಯ. ಎರಡನೆಯದು, ಝಡ್ ಡ್ರೈವ್ ಎಂಬಂಥ ಅಕ್ಷರ ಕೊಟ್ಟು ಜೋಡಿಸಿದ ನೆಟ್‌ವರ್ಕ್ ಡ್ರೈವ್ ಅದನ್ನು ಜೋಡಿಸಿದ ಲಾಗಿನ್‌ಗೆ ಮಾತ್ರ ಕಾಣುತ್ತದೆ. ಹಿನ್ನೆಲೆಯಲ್ಲಿ ನಡೆಯುವ ಕೆಲಸಕ್ಕೆ \\ಮಹಡಿ\ಉಗ್ರಾಣ ಎಂಬ ಪೂರ್ತಿ ದಾರಿಯನ್ನೇ ಕೊಡಬೇಕು. ಇಷ್ಟೆಲ್ಲ ಬೇಡವೆನ್ನುವವರಿಗೆ ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಸಾಕು. ಅದಕ್ಕೆ ನೆಟ್‌ವರ್ಕ್ ಜಾಗ ತೋರಿಸಿ ಉಗ್ರಾಣಿಯ ಹೆಸರು, ಪಾಸ್‌ವರ್ಡ್ ಒಮ್ಮೆ ಕೊಟ್ಟರೆ, ಬದಲಿಸದ ಹೊರತು ಗಂಟೆಗೊಮ್ಮೆ ತಾನೇ ನಕಲು ಮಾಡುತ್ತದೆ, ಹಳೆಯ ಪ್ರತಿಗಳನ್ನೂ ಇಟ್ಟುಕೊಳ್ಳುತ್ತದೆ.

ಪಾಸ್‌ವರ್ಡಿನ ರಗಳೆಯೇ ಬೇಡ, ಎಲ್ಲರಿಗೂ ತೆರೆದಿಡೋಣ ಎಂಬ ಸಲಹೆ ಹಿಂದೆ ಧಾರಾಳವಾಗಿ ಸಿಗುತ್ತಿತ್ತು. ವಿಂಡೋಸ್ 7ರ ಕಾಲದ ಹೋಮ್‌ಗ್ರೂಪ್ ಒಂದೇ ಪಾಸ್‌ವರ್ಡಿನಿಂದ ಮನೆಯ ಯಂತ್ರಗಳನ್ನೆಲ್ಲ ಜೋಡಿಸುತ್ತಿತ್ತು. 2018ರ ವಿಂಡೋಸ್ 10 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಪಾಸ್‌ವರ್ಡಿಲ್ಲದ ‘ಗೆಸ್ಟ್’ ಪ್ರವೇಶವನ್ನು 2024ರ 24ಎಚ್2 ಆವೃತ್ತಿಯ ವಿಂಡೋಸ್ 11 ಪ್ರೊ ಮೂಲತಃ ತಡೆಯುತ್ತದೆ. ಹಳೆಯ ನೆಟ್‌ವರ್ಕ್ ಡಿಸ್ಕ್‌ಗಳು ಹೊಸ ಲ್ಯಾಪ್‌ಟಾಪಿಗೆ ಏಕಾಏಕಿ ಮುನಿಸಿಕೊಂಡದ್ದಕ್ಕೆ ಇದೊಂದು ಕಾರಣ. ಫೈಲ್ ಹಂಚಿಕೆಯ ಹಳೆಯ ಭಾಷೆಯಾದ ಎಸ್‌ಎಂಬಿ ಒಂದನೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿ ಎಂಬ ಸಲಹೆ ಇನ್ನೂ ಅಪಾಯಕಾರಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಒತ್ತೆಯಿಟ್ಟ ವಾನಾಕ್ರೈ ಹರಡಿದ್ದು ಅದರಲ್ಲಿದ್ದ ದೋಷದ ಮೂಲಕವೇ. ಆ ದೋಷಕ್ಕೆ ತಿದ್ದುಪಡಿ ಅದೇ ವರ್ಷದ ಮಾರ್ಚ್‌ನಲ್ಲಿ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಳೆಯ ಡಿಸ್ಕಿನ ತಂತ್ರಾಂಶ ನವೀಕರಿಸಲು ಆಗದಿದ್ದರೆ ಅದನ್ನು ಬಿಚ್ಚಿ ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಳಸುವುದು ಮೇಲು.

ಯಂತ್ರ ಬೇರೆಯಾದರೂ ತತ್ವ ಇದೇ. ಸಿನಾಲಜಿ, ಕ್ಯೂನ್ಯಾಪ್ ಮೊದಲಾದ ನ್ಯಾಸ್ (ನೆಟ್‌ವರ್ಕ್ ಡಿಸ್ಕ್) ಪೆಟ್ಟಿಗೆಗಳಲ್ಲಿ ಅಡ್ಮಿನ್ ಖಾತೆಯನ್ನು ಬ್ಯಾಕಪ್‌ಗೆ ಕೊಡದೆ, ಒಂದೇ ಫೋಲ್ಡರಿಗೆ ಪ್ರವೇಶವಿರುವ ಬಳಕೆದಾರನನ್ನು ಸೃಷ್ಟಿಸಬೇಕು. ಅವನ್ನು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಡಬಾರದು; 2021ರ ಕ್ಯೂಲಾಕರ್, 2022ರ ಡೆಡ್‌ಬೋಲ್ಟ್ ದಾಳಿಗಳು ಹುಡುಕಿದ್ದು ಹಾಗೆ ತೆರೆದಿಟ್ಟ ಕ್ಯೂನ್ಯಾಪ್ ಪೆಟ್ಟಿಗೆಗಳನ್ನೇ. ಆಪಲ್ ಮ್ಯಾಕ್‌ನಲ್ಲಿ ‘ಶೇರಿಂಗ್ ಓನ್ಲಿ’ ಎಂಬ ಖಾತೆಯ ಬಗೆಯೇ ಇದೆ. ಅದರಿಂದ ಮ್ಯಾಕ್‌ನ ಮುಂದೆ ಕುಳಿತು ಲಾಗಿನ್ ಆಗಲಾಗದು, ನೆಟ್‌ವರ್ಕಿನಿಂದ ಫೈಲ್ ಇಡಬಹುದು. ಉಗ್ರಾಣಿಗೆ ಹೇಳಿ ಮಾಡಿಸಿದಂತಿದೆ. ಲಿನಕ್ಸ್‌ನಲ್ಲಿ ಫೈಲ್ ಹಂಚುವ ಸಾಂಬಾ ತಂತ್ರಾಂಶ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುವುದರಿಂದ, ಬಳಕೆದಾರನಿಗೆ ಲಿನಕ್ಸ್ ಪಾಸ್‌ವರ್ಡ್ ಇದ್ದರೂ ಸಾಂಬಾ ಪಾಸ್‌ವರ್ಡನ್ನು ಬೇರೆಯಾಗಿ ಕೊಡಬೇಕು.

ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಅನುಕೂಲವೂ ಹೌದು, ಅಪಾಯವೂ ಹೌದು. ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್ ಲ್ಯಾಪ್‌ಟಾಪಿಗೆ ನುಗ್ಗಿದರೆ, ಅದೇ ಕೀಲಿಯಿಂದ ಉಗ್ರಾಣಕ್ಕೂ ಹೋಗಿ ಬ್ಯಾಕಪ್ಪನ್ನೂ ಕೆಡಿಸಬಲ್ಲದು. ಉಗ್ರಾಣಿಗೆ ಒಂದೇ ಫೋಲ್ಡರ್ ಕೊಟ್ಟಿದ್ದರೆ ಮಹಡಿಯ ಉಳಿದ ಫೈಲ್‌ಗಳು ಆ ಕೀಲಿಯ ಕೈಗೆ ಸಿಗುವುದಿಲ್ಲ. ಇನ್ನೂ ಗಟ್ಟಿ ವ್ಯವಸ್ಥೆ ಬೇಕೆಂದರೆ ದಿಕ್ಕನ್ನೇ ತಿರುಗಿಸಬೇಕು. ಲ್ಯಾಪ್‌ಟಾಪಿನಲ್ಲಿ ಓದಲು ಮಾತ್ರ ಅನುಮತಿಯಿರುವ ಖಾತೆ ತೆರೆದು, ಮಹಡಿಯ ಕಂಪ್ಯೂಟರೇ ಅಲ್ಲಿಂದ ಫೈಲ್‌ಗಳನ್ನು ಎಳೆದುಕೊಳ್ಳುವಂತೆ ಮಾಡಿದರೆ ಉಗ್ರಾಣದ ಕೀಲಿ ಲ್ಯಾಪ್‌ಟಾಪಿನಲ್ಲಿ ಇರುವುದೇ ಇಲ್ಲ. ಹೇಗೆ ಮಾಡಿದರೂ ತಿಂಗಳಿಗೊಮ್ಮೆ ಯುಎಸ್‌ಬಿ ಡಿಸ್ಕಿಗೆ ಇನ್ನೊಂದು ಪ್ರತಿ ತೆಗೆದು, ಡಿಸ್ಕನ್ನು ಕಳಚಿ ಬೀರುವಿನಲ್ಲಿಡುವುದು ಅಗತ್ಯ. ಕಳಚಿಟ್ಟ ಡಿಸ್ಕಿಗೆ ಯಾವ ಪಾಸ್‌ವರ್ಡ್ ಕದ್ದರೂ ತಲುಪಲಾಗದು.

ಲ್ಯಾಪ್‌ಟಾಪ್ ಕೆಟ್ಟ ದಿನ ಕ್ರೆಡೆನ್ಷಿಯಲ್ ಮ್ಯಾನೇಜರ್ ಕೂಡ ಅದರೊಂದಿಗೇ ಹೋಗುತ್ತದೆ. ಅದು ಕೆಲಸ ಮಾಡುತ್ತಿರುವಾಗಲೂ ಉಳಿಸಿದ ಪಾಸ್‌ವರ್ಡನ್ನು ಚುಕ್ಕೆಗಳಾಗಿ ತೋರಿಸುತ್ತದೆಯೇ ಹೊರತು ಅಕ್ಷರವಾಗಿ ತೋರಿಸುವುದಿಲ್ಲ. ಬ್ಯಾಕಪ್ ಸುರಕ್ಷಿತವಾಗಿದ್ದೂ ಬಾಗಿಲು ತೆರೆಯಲಾಗದ ಸ್ಥಿತಿ ಹೀಗೆ ಬರುತ್ತದೆ. ಪಾಸ್‌ವರ್ಡಿನ ಏಕೈಕ ಪ್ರತಿ ಅದೇ ಲ್ಯಾಪ್‌ಟಾಪಿನ ಎಕ್ಸೆಲ್ ಫೈಲಿನಲ್ಲಿದ್ದರೂ ಅಷ್ಟೇ. ಆದ್ದರಿಂದ ಮನೆಯ ದಾಖಲೆಗಳಿರುವ ಕಡೆ ಒಂದು ಹಾಳೆಯಲ್ಲಿ ಕಂಪ್ಯೂಟರಿನ ಹೆಸರು, ಫೋಲ್ಡರಿನ ದಾರಿ, ಖಾತೆಯ ಹೆಸರು, ಪಾಸ್‌ವರ್ಡ್ ಇಷ್ಟನ್ನೂ ಸ್ಪಷ್ಟ ಅಕ್ಷರಗಳಲ್ಲಿ ಬರೆದಿಡಬೇಕು. ಬ್ಯಾಕಪ್ಪಿಗೆ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಹಾಕಿದ್ದರೆ ಅದು ಲಾಗಿನ್ ಪಾಸ್‌ವರ್ಡಿಗಿಂತ ಬೇರೆ, ಕಳೆದುಕೊಂಡರೆ ಅದನ್ನು ಮತ್ತೆ ಹೊಂದಿಸಿಕೊಡುವವರು ಯಾರೂ ಇಲ್ಲ. ಮಹಡಿಯ ಡಿಸ್ಕಿಗೆ ವಿಂಡೋಸ್‌ನ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕೂಡ ಅದೇ ಹಾಳೆಗೆ ಸೇರಬೇಕು. ಹಾಳೆ ಎಲ್ಲಿದೆ ಎಂಬುದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರಬೇಕು.

ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಒಂದೇ ದಾರಿ. ಪಾಸ್‌ವರ್ಡ್ ಉಳಿಸಿರದ ಇನ್ನೊಂದು ಕಂಪ್ಯೂಟರಿನಿಂದ, ಇಲ್ಲವೇ ಲ್ಯಾಪ್‌ಟಾಪಿನ ಬೇರೊಂದು ಖಾತೆಯಿಂದ \\ಮಹಡಿ\ಉಗ್ರಾಣ ತೆರೆಯಲು ಹೋಗಬೇಕು. ಚೌಕ ಬಂದಾಗ ಹಾಳೆ ನೋಡಿ ಟೈಪ್ ಮಾಡಿ, ಒಂದು ಫೋಟೊ, ಒಂದು ಬರಹ ಹೊರತೆಗೆದು ತೆರೆದು ನೋಡಬೇಕು. ಮೂರು ತಿಂಗಳಿಗೊಮ್ಮೆ, ಪಾಸ್‌ವರ್ಡ್ ಬದಲಿಸಿದಾಗಲೆಲ್ಲ, ಈ ಕೆಲಸ ಮಾಡಿ ಹಾಳೆಯ ಕೆಳಗೆ ಆ ದಿನದ ತಾರೀಖು ಬರೆದಿಡಬೇಕು.